ಆಡದವರ ಅರ್ಥಗಾರಿಕೆ

ಡೊಂಬಿವಲಿಯಿಂದ ಮುಂಬಯಿಗೆ ಹೊರಡುವ ಬೆಳಗಿನ ಲೋಕಲಿನಲ್ಲಿ ಭಜನಾ ಮಂಡಳಿಗಳುಂಟು, ಇಸ್ಪೀಟಿನ ಮಂಡಳಿಗಳುಂಟು. ಈಗ ನನ್ನ ಸೋದರಳಿಯ ಮತ್ತು ಅವನ ಗೆಳೆಯರ ಕೃಪೆಯಿಂದ ವಿಡಿಯೊ ಗೇಮುಗಳ ಬಗ್ಗೆ ಅಭಿಪ್ರಾಯ ಹೇಳುವ ಮಂಡಳಿಯೊಂದೂ ಹುಟ್ಟಿಕೊಂಡಿದೆ. ಭಜನೆಯವರಿಗೆ ಕಡೇಪಕ್ಷ ಭಜನೆ ಬರುತ್ತದೆ. ಈ ಮಂಡಳಿಗೆ ಸೇರಲು ಗೇಮ್ ಆಡಿರಬೇಕೆಂಬ ನಿಯಮವಿಲ್ಲ. ಆಡುತ್ತ ಕೂತರೆ ಅಭಿಪ್ರಾಯಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಮೊನ್ನೆ ಅಳಿಯನು 2023ರ ಆಗಸ್ಟಿನಲ್ಲಿ ಬಂದ ‘ಬಾಲ್ಡರ್ಸ್ ಗೇಟ್ 3’ ಎಂಬ ಪಾತ್ರಾಭಿನಯದ ಗೇಮನ್ನು ಕೈಗೆತ್ತಿಕೊಂಡು, “ಮಾವ, ಮೂರನೆಯ ಅಂಕದಲ್ಲಿ ಕಥೆಯ ಹಿಡಿತವೇ ತಪ್ಪಿದೆ” ಎಂದು ಠಾಣೆಯಿಂದ ಘಾಟ್ಕೋಪರ್‌ವರೆಗೆ ವಿವರಿಸಿದ. ಅವನ ಮೊಬೈಲಿನಲ್ಲಿ ತೆರೆದಿದ್ದ, ಗೇಮು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನ ಖಾತೆಯತ್ತ ಇಣುಕಿದೆ. ಆಡಿದ ಸಮಯ 1.8 ಗಂಟೆ ಎಂದಿತ್ತು. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿ ಕೇಳಿಕೊಂಡರೆ ಸ್ಟೀಮ್ ದುಡ್ಡು ವಾಪಸು ಕೊಡುತ್ತದೆಯಾದ್ದರಿಂದ ನಮ್ಮ ವಿಮರ್ಶಕರ ರಸಾನುಭವವು ಸಾಮಾನ್ಯವಾಗಿ ಈ ಗಡಿಯ ಈಚೆಗೇ ಪರಿಪೂರ್ಣವಾಗಿಬಿಡುತ್ತದೆ. ಆ 1.8ರಲ್ಲಿ ಒಂದು ಗಂಟೆ ನಾಯಕನಿಗೆ ಒಪ್ಪುವ ಗಡ್ಡ ಆರಿಸುವುದರಲ್ಲಿ ಕಳೆದಿತ್ತು. ಮೂರನೆಯ ಅಂಕವನ್ನು ಅವನು ಯೂಟ್ಯೂಬಿನಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ, ಇಡ್ಲಿ ತಿನ್ನುತ್ತ ದರ್ಶಿಸಿದ್ದ.

ಇನ್ನೊಬ್ಬ ಗೆಳೆಯನದು ಇದಕ್ಕೆ ತದ್ವಿರುದ್ಧವಾದ ಸಾಧನೆ. ಅದೇ ಗೇಮನ್ನು 412 ಗಂಟೆ ಆಡಿ, ಹೆಬ್ಬೆರಳು ಕೆಳಗೆ ಮಾಡಿ, “ಸಮಯ ವ್ಯರ್ಥ” ಎಂದು ಎರಡೇ ಪದ ಬರೆದಿದ್ದಾನೆ. ಇವನಾದರೂ ಶಿಕ್ಷೆ ಅನುಭವಿಸಿ ಬಂದವನು, ಮಾತಿಗೆ ಬೆಲೆ ಕೊಡೋಣ.

ಆದರೆ ಮಂಡಳಿಗೆ ನಿಜವಾದ ಕಾವೇರುವುದು ವಿಷುವಲ್ ನಾವೆಲ್ ವಿಷಯ ಬಂದಾಗ. 2004ರ ‘ಕ್ಲಾನಾಡ್’, 2009ರ ‘ಸ್ಟೈನ್ಸ್ ಗೇಟ್’ ಮುಂತಾದ ಈ ಜಪಾನೀ ಕೃತಿಗಳಲ್ಲಿ ಚಿತ್ರ ಬಹುಮಟ್ಟಿಗೆ ನಿಂತೇ ಇರುತ್ತದೆ, ಕೆಳಗೆ ಮಾತು ಮೂಡುತ್ತದೆ, ನಾವು ಗುಂಡಿ ಒತ್ತುತ್ತ ಓದುತ್ತೇವೆ, ಎಲ್ಲೋ ಒಮ್ಮೆ ದಾರಿ ಆರಿಸುತ್ತೇವೆ. ಇದು ಗೇಮೇ ಅಲ್ಲ ಎಂದು ಒಂದು ಪಕ್ಷ. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಕೃಷ್ಣನೂ ಕೌರವನೂ ಮಡಚಿದ ಕಾಲು ಬಿಡಿಸದೆ ಮಾತಿನಲ್ಲೇ ಕುರುಕ್ಷೇತ್ರ ಮುಗಿಸುತ್ತಾರೆ. ಅದು ಯಕ್ಷಗಾನವಲ್ಲವೇ ಎಂದು ನಾನು ಕೇಳಿದ್ದೇ ತಪ್ಪಾಯಿತು. ಮಾರನೆಯ ದಿನದಿಂದ, ತಾಳಮದ್ದಳೆಯನ್ನೂ ನೋಡಿರದ ಇಬ್ಬರು ಅದರ ಬಗ್ಗೆಯೂ ಅಭಿಪ್ರಾಯ ತಳೆದಿದ್ದಾರೆ.

ಕಥೆಯ ಗುಟ್ಟು ಬಯಲು ಮಾಡಬಾರದೆಂಬ ಮಡಿ ಬೇರೆ. 1997ರ ‘ಫೈನಲ್ ಫ್ಯಾಂಟಸಿ 7’ರಲ್ಲಿ ಒಬ್ಬಳು ಸಾಯುತ್ತಾಳೆ, ಅಳಿಯ ಹುಟ್ಟುವ ಮೊದಲೇ ಸತ್ತ ಅವಳ ಹೆಸರು ಹೇಳಿದರೆ ಇಂದಿಗೂ ಬಹಿಷ್ಕಾರ ತಪ್ಪದು. (ಆದ್ದರಿಂದ ನಾನೂ ಹೇಳುತ್ತಿಲ್ಲ.) ಅಭಿಮನ್ಯು ಚಕ್ರವ್ಯೂಹದಿಂದ ಹೊರಬರುವುದಿಲ್ಲವೆಂದು ಗೊತ್ತಿದ್ದೂ ಬೆಳಗಿನ ತನಕ ನಿದ್ದೆಗೆಟ್ಟು ಕೂರುತ್ತಿದ್ದ ನಮ್ಮ ಹಿರಿಯರಿಗೆ ಈ ಸೂಕ್ಷ್ಮ ತಿಳಿದಿರಲಿಲ್ಲ.

ಕಳೆದ ಭಾನುವಾರ ಮಂಡಳಿಯ ಗೋಷ್ಠಿ ನಮ್ಮ ಮನೆಯಲ್ಲೇ ನಡೆಯಿತು. ವಿಷಯ, ಸುಮಾರು ಹತ್ತು ಲಕ್ಷ ಪದಗಳಿರುವ, 2019ರ ‘ಡಿಸ್ಕೊ ಎಲಿಸಿಯಂ’. “ಬರವಣಿಗೆ ಸ್ವಲ್ಪ ಜಾಳು” ಎಂದು ಒಬ್ಬ, “ಓದಿಸುವುದು ಜಾಸ್ತಿ” ಎಂದು ಮತ್ತೊಬ್ಬ, ಹತ್ತಕ್ಕೆ ಆರೂವರೆ ಅಂಕವೆಂದು ಅಳಿಯ. ಚಹಾ ತಂದಿಟ್ಟ ನನ್ನ ಹೆಂಡತಿ, “ಪೂರ್ತಿ ಮುಗಿಸಿದವರು ಯಾರಪ್ಪಾ?” ಎಂದು ಸುಮ್ಮನೆ ಕೇಳಿದಳು. ಮೂಲೆಯಲ್ಲಿದ್ದ ಪಕ್ಕದ ಮನೆಯ ಹುಡುಗಿ ಕೈ ಎತ್ತಿದಳು. ಎರಡು ಸಲ ಮುಗಿಸಿದ್ದಳಂತೆ. ಹೇಗಿದೆಯೆಂದು ಕೇಳಿದ್ದಕ್ಕೆ, “ಚೆನ್ನಾಗಿದೆ ಆಂಟಿ, ಇನ್ನೊಮ್ಮೆ ಆಡಬೇಕು” ಎಂದಳು.

ಇಷ್ಟನ್ನು ಅಭಿಪ್ರಾಯವೆನ್ನಲು ಬರುವುದಿಲ್ಲ ಎಂದು ಗೋಷ್ಠಿ ಸರ್ವಾನುಮತದಿಂದ ತೀರ್ಮಾನಿಸಿತು. ಅಳಿಯ ಅಷ್ಟು ಹೊತ್ತಿಗೆ ದುಡ್ಡು ವಾಪಸು ಬಂತೇ ಎಂದು ಮೊಬೈಲ್ ನೋಡುತ್ತಿದ್ದ.