‘ಅಭಿಷಿಕ್ತರನ್ನು ಮುಟ್ಟಬೇಡಿ’ ಅಂದರೆ ಪ್ರಶ್ನೆ ಕೇಳಬೇಡಿ ಅಂತಲ್ಲ

‘ಪಾಸ್ಟರ್ ಮಾತನ್ನು ಪ್ರಶ್ನಿಸಿದರೆ ದೇವರಿಗೇ ಅವಿಧೇಯರಾದಂತೆ, ಕೀರ್ತನೆ 105:15 ಓದಿ’ ಎನ್ನುವ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಬೈಬಲಿನ ಆ ವಚನ ಹೇಳುವುದು ‘ನನ್ನ ಅಭಿಷಿಕ್ತರನ್ನು, ಅಂದರೆ ನಾನು ಆರಿಸಿಕೊಂಡವರನ್ನು, ಮುಟ್ಟಬೇಡಿ’ ಎಂದು. ಓದೋಣ, ಆದರೆ 9ನೇ ವಚನದಿಂದ. ಅಲ್ಲಿರುವುದು ನಾಡಿಂದ ನಾಡಿಗೆ ಅಲೆದ ಅಬ್ರಹಾಮ, ಇಸಾಕ, ಯಾಕೋಬರ ಕಥೆ. ಅವರಿಗೆ ಕೇಡು ಮಾಡಬೇಡಿ ಎಂದು ದೇವರು ಗದರಿಸಿದ್ದು ರಾಜರನ್ನು. ಬೋಧನೆಯನ್ನು ಪರೀಕ್ಷಿಸುವ ವಿಷಯವೇ ಅಲ್ಲಿಲ್ಲ.

ದಾವೀದನನ್ನೇ ನೋಡಿ. ಅವನನ್ನು ಕೊಲ್ಲಲು ಬೆನ್ನಟ್ಟಿದ್ದ ರಾಜ ಸೌಲನೂ ದೇವರ ಅಭಿಷಿಕ್ತನೇ. ಏನ್ಗೆದಿಯ ಗವಿಯಲ್ಲಿ ಆ ಸೌಲ ದಾವೀದನ ಕೈಗೆ ಸಿಕ್ಕಿದ್ದ. ಅವನ ನಿಲುವಂಗಿಯ ತುದಿ ಕತ್ತರಿಸಿದನೇ ಹೊರತು ಕೊಲ್ಲಲಿಲ್ಲ. ಹಾಗಂತ ಸುಮ್ನೆ ಇದ್ದನಾ? ಹೊರಗೆ ಬಂದು, ಆ ಬಟ್ಟೆ ತುಂಡನ್ನು ತೋರಿಸಿ, ನೀನು ಮಾಡುತ್ತಿರುವುದು ಅನ್ಯಾಯ ಎಂದು ಕೂಗಿಯೇ ಹೇಳಿದ.

ಬೆರೋಯ ಎಂಬ ಊರಿನವರು ಅಪೊಸ್ತಲ ಪೌಲನ ಮಾತನ್ನೂ ದಿನಾ ಶಾಸ್ತ್ರಕ್ಕೆ ಹೋಲಿಸಿ ನೋಡಿದರು. ಅಪೊಸ್ತಲರ ಕೃತ್ಯಗಳು 17:11 ಅವರನ್ನು ಬೈಯುವುದಿಲ್ಲ, ಹೊಗಳುತ್ತದೆ. ಪೌಲನಿಗೇ ಇಲ್ಲದ ರಿಯಾಯಿತಿ ನಮ್ಮ ಪಾಸ್ಟರಿಗೆ ಜಾಸ್ತಿ ಆಯ್ತು, ಅಲ್ವಾ?