ತಾರಾಮತಿ ಸೀರೆ ಉಟ್ಟಾಗ ನಕ್ಕವರಿಗೆ

ಭಾನುವಾರ ಸಂಜೆ ಮಾಟುಂಗದಲ್ಲಿ ಒಂದು ಕನ್ನಡ ನಾಟಕ ನೋಡಿದೆ. ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ಸಿನಿಮಾ ಮಾಡಿದ ಕಥೆ. ಆಡಿದವರು ನಮ್ಮ ಮುಂಬೈ ಕನ್ನಡದ ಹುಡುಗರೇ. ಹಗಲು ಆಫೀಸು, ರಾತ್ರಿ ತಾಲೀಮು, ಕೊನೇ ಲೋಕಲ್ ಹಿಡಿದು ಮನೆಗೆ. ಹಾಲ್ ಮುಕ್ಕಾಲು ತುಂಬಿತ್ತು. ನೋಡಿ ಬಂದು ಎರಡು ದಿನ ಆಯ್ತು. ನಾಟಕಕ್ಕಿಂತ ಜಾಸ್ತಿ ನನ್ನ ಅಕ್ಕಪಕ್ಕ ಕೂತಿದ್ದ ಜನರೇ ತಲೆಯಲ್ಲಿ ಉಳಿದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಾದಾಗ ಓದಿ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀನಿ. 1912ರಲ್ಲಿ ಫಾಲ್ಕೆ ಲಂಡನ್‌ಗೆ ಹೋಗಿ ಕ್ಯಾಮೆರಾ ತಂದರು. ದಾದರ್‌ನಲ್ಲಿ ಮನೆ, ಮನೆಯೇ ಸ್ಟುಡಿಯೋ. ಈಗ ಆ ರಸ್ತೆಗೇ ಅವರ ಹೆಸರಿದೆ. ಹರಿಶ್ಚಂದ್ರನ ಹೆಂಡತಿ ತಾರಾಮತಿಯ ಪಾತ್ರಕ್ಕೆ ಹೆಂಗಸರು ಬೇಕು ಅಂತ ಜಾಹೀರಾತು ಕೊಟ್ಟರು. ಯಾರೂ ಒಪ್ಪಲಿಲ್ಲ. ವೇಶ್ಯೆಯರ ಗಲ್ಲಿಗೂ ಹೋಗಿ ಕೇಳಿದರು, ಅವರೂ ಒಲ್ಲೆ ಅಂದರು. ಕೊನೆಗೆ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಕಣ್ಣಿಗೆ ಬಿದ್ದರು. ಸಣಕಲು ಮೈ, ನೀಳ ಕೈ. ಹೋಟೆಲಿನಲ್ಲಿ ತಿಂಗಳಿಗೆ 10 ರೂಪಾಯಿ ಬರುತ್ತಿತ್ತು, ಫಾಲ್ಕೆ 15 ಕೊಡುತ್ತೇನೆ ಅಂದರು ಅಂತ ಹೇಳುತ್ತಾರೆ. ಹಾಗೆ ಭಾರತದ ಮೊದಲ ಪೂರ್ಣ ಪ್ರಮಾಣದ ಸಿನಿಮಾದ ನಾಯಕಿ ಸಿಕ್ಕಿದಳು.

ನಗು ಶುರುವಾಗಿದ್ದು ಮೀಸೆ ಬೋಳಿಸುವ ದೃಶ್ಯದಲ್ಲಿ. ರಂಗದ ಮೇಲೆ ಒಂದು ಸ್ಟೂಲು, ಹಿತ್ತಾಳೆ ಬೋಗುಣಿ, ಕೈಗನ್ನಡಿ. ಹೆಣ್ಣುವೇಷದವರೆಲ್ಲ ಮೀಸೆ ತೆಗೆಯಬೇಕು. ಯಾರಿಗೂ ಮನಸ್ಸಿಲ್ಲ. ಅಪ್ಪ ತೀರಿಕೊಂಡಾಗ ಮಾತ್ರ ಮೀಸೆ ಬೋಳಿಸುವುದು ಅನ್ನೋ ಕಾಲ ಅದು. ಸಾಳುಂಕೆ ಪಾತ್ರದ ಹುಡುಗ ಮೇಲ್ದುಟಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹಾಲ್ ತುಂಬ ನಗು. ಸೀರೆ ಉಟ್ಟು ಬಂದಾಗ ಶಿಳ್ಳೆ. ಅಲ್ಲಿಯವರೆಗೆ ಸರಿ, ನಾನೂ ನಕ್ಕೆ. ನಿರ್ದೇಶಕರಿಗೂ ಅಲ್ಲಿ ನಗು ಬೇಕಿತ್ತು ಅಂತಲೇ ಅನ್ನಿಸಿತು.

ಆದರೆ ಆಮೇಲೆ ಮಸಣದ ದೃಶ್ಯದ ಶೂಟಿಂಗ್ ಬಂತು. ತಾರಾಮತಿ ಮಗನನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಾಳೆ. ಫಾಲ್ಕೆ ಕ್ಯಾಮೆರಾದ ಹ್ಯಾಂಡಲ್ ತಿರುಗಿಸುತ್ತಿದ್ದಾರೆ, ಕಟಕಟ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬರು ಕೂಗಿದರು, “ಭಟ್ರೇ, ಸಾರಿಗೆ ಉಪ್ಪು ಜಾಸ್ತಿ ಆಯ್ತು!” ಇಡೀ ಸಾಲು ನಕ್ಕಿತು. ಹುಡುಗ ಅಲ್ಲಾಡಲಿಲ್ಲ. ಮಗುವಿನ ಹಣೆಯ ಕೂದಲು ಸರಿಸುತ್ತಲೇ ಇದ್ದ. ನನ್ನ ಮುಂದೆ ಕೂತಿದ್ದ ಇಬ್ಬರು ಕಾಲೇಜು ಹುಡುಗಿಯರು ಹಿಂದೆ ತಿರುಗಿ “ಶ್!” ಅಂದರು. ಅವರಿಗೆ ಕನ್ನಡ ಓದೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ. ಸುಮ್ನೆ ಕೂತು ನೋಡೋದು ಚೆನ್ನಾಗಿ ಬರುತ್ತೆ.

ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ ಕೂತಿದ್ದರು. ಅವರದ್ದು ಬೇರೆಯೇ ತಕರಾರು. “ತಾರಾಮತಿ ಅಲ್ಲ ಮಗಾ, ಚಂದ್ರಮತಿ. ಹುಡುಗ ಲೋಹಿತಾಶ್ವ. ಇವರು ರೋಹಿದಾಸ ಅಂತಾರಲ್ಲ?” ಮರಾಠಿಯವರು ಹಾಗೆ ಹೇಳುತ್ತಾರೆ ಅಜ್ಜಿ ಅಂದೆ. ಅವರಿಗೆ ಒಪ್ಪಿಗೆ ಆಗಲಿಲ್ಲ. ರಾಘವಾಂಕ ಬರೆದ ಚಂದ್ರಮತಿಯೇ ಅವರಿಗೆ ಸತ್ಯ. ಪಂಡರಿಬಾಯಿ ಮಾಡಿದ ಚಂದ್ರಮತಿ ಕೂಡ. ಆದರೆ ಮಸಣದ ದೃಶ್ಯ ಮುಗಿಯುವಾಗ ಅವರ ಸೆರಗು ಕಣ್ಣಿನ ಹತ್ತಿರ ಇತ್ತು. ಹೆಸರು ಯಾವುದಾದರೇನು, ಅಳು ಬಂತಲ್ಲ.

ನನಗೆ ಆ ನಗು ಯಾಕೆ ಇಷ್ಟು ಚುಚ್ಚಿತು ಅಂದರೆ, ನನ್ನ ಅಪ್ಪಯ್ಯ ಹೋಟೆಲಿನವರು. ಕುಂದಾಪುರದ ಕಡೆಯಿಂದ ಹದಿನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದು ಫೋರ್ಟ್ ಏರಿಯಾದ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದರು, ಆಮೇಲೆ ಟೇಬಲ್, ಆಮೇಲೆ ದೋಸೆ ಕಾವಲಿ. ರಾತ್ರಿ ಶಾಲೆಗೆ ಹೋಗಿ ಓದಿದರು. ಹೋಟೆಲ್ ಕೆಲಸದವರೆಲ್ಲ ಸೇರಿ ವರ್ಷಕ್ಕೊಂದು ಯಕ್ಷಗಾನ ಆಡುತ್ತಿದ್ದರು. ಅಪ್ಪಯ್ಯನದ್ದು ಸ್ತ್ರೀವೇಷ, ದಮಯಂತಿ. ಒಂದು ವರ್ಷ ಆಟ ಮುಗಿದ ಮರುವಾರವೇ ಅತ್ತೆಯ ಮದುವೆಗೆ ಊರಿಗೆ ಹೋಗಬೇಕಾಯಿತು. ಮೀಸೆ ಇಲ್ಲದ ಮುಖ ನೋಡಿ ನಮ್ಮ ಅಜ್ಜಿ ಅಂಗಳದಲ್ಲೇ ಕೂತು ಅತ್ತರಂತೆ. ಅಜ್ಜ ಎದುರಿಗೇ ಗಟ್ಟಿಮುಟ್ಟಾಗಿ ನಿಂತಿದ್ದರು! ಅಪ್ಪಯ್ಯ ದಮಯಂತಿ ವಿಷಯ ಹೇಳಲಿಲ್ಲ. ಬಾಯಿ ಹತ್ತಿರ ಹುಣ್ಣಾಗಿತ್ತು ಅಂದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ಅಮ್ಮ, ಅಪ್ಪಯ್ಯ ತೀರಿಕೊಂಡ ಮೇಲೆ.

ಆ ಹುಡುಗ ರಂಗದ ಮೇಲೆ ಮೇಲ್ದುಟಿ ಮುಟ್ಟಿಕೊಂಡಾಗ ಮೊದಲು ನಕ್ಕೆ ಅಂದೆನಲ್ಲ, ಎರಡೇ ನಿಮಿಷದಲ್ಲಿ ಅಪ್ಪಯ್ಯ ನೆನಪಾದರು.

ನಾವು ಬೆಳಗಿನ ಜಾವದವರೆಗೆ ಬಯಲಾಟ ನೋಡಿದ ಜನ. ಗಂಡಸು ಸೀರೆ ಉಟ್ಟು ಬಂದು ಅತ್ತರೆ ಅವನ ಜೊತೆ ಅತ್ತ ಜನ. ರಂಗದ ಮೇಲೆ ಗಂಡಸಿಲ್ಲ, ದಮಯಂತಿಯೇ ಇದ್ದಾಳೆ ಅಂತ ನಂಬುವ ಕಣ್ಣು ನಮಗೆ ಯಾರೂ ಕಲಿಸದೇ ಬಂದಿದೆ. ಆ ಕಣ್ಣನ್ನು ಮಾಟುಂಗದ ಎಸಿ ಹಾಲಿಗೆ ಬರುವಾಗ ಮನೆಯಲ್ಲೇ ಬಿಟ್ಟು ಬರ್ತೀವಾ? ಆ ಸಿನಿಮಾದಲ್ಲಿ ಕೊಳದಲ್ಲಿ ನೀರಾಡುವ ಸಖಿಯರೂ ಗಂಡಸರೇ. ಒದ್ದೆ ಸೀರೆಯಲ್ಲಿ ನಿಂತಿದ್ದಾರೆ. ಉಳಿದಿರುವ ಕೆಲವು ರೀಲುಗಳು ಪುಣೆಯ ಫಿಲಂ ಆರ್ಕೈವ್‌ನಲ್ಲಿವೆ, ಆ ತುಣುಕು ಇಂಟರ್ನೆಟ್ಟಿನಲ್ಲೂ ಸಿಗುತ್ತೆ, ಒಮ್ಮೆ ನೋಡಿ.

ಇನ್ನೊಂದು ಮಾತು. ನಾಟಕ ಮುಗಿದ ರಾತ್ರಿಯೇ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಿರಿಯರೊಬ್ಬರು ಬರೆದರು: “ಫಾಲ್ಕೆ ಕಡಿಮೆ, ಅಡುಗೆಯವನೇ ಜಾಸ್ತಿ. ದೊಡ್ಡವರ ಕಥೆ ಚಿಕ್ಕದಾಯ್ತು.” ತುಂಬ ಜನ ಹೆಬ್ಬೆರಳು ಒತ್ತಿದರು. ಅಣ್ಣಾ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾಟಕ ಗೆದ್ದಿದ್ದೇ ಅಲ್ಲಿ. ಫಾಲ್ಕೆ ದೊಡ್ಡವರು ಅಂತ ಎಲ್ಲರಿಗೂ ಗೊತ್ತು, ಅವರ ಹೆಸರಲ್ಲಿ ಪ್ರಶಸ್ತಿಯೇ ಇದೆ. ಸಾಳುಂಕೆ ಹೆಸರಲ್ಲಿ ಏನಿದೆ? 1917ರ ‘ಲಂಕಾ ದಹನ’ದಲ್ಲಿ ಅದೇ ಮನುಷ್ಯ ರಾಮನೂ ಆದರು, ಸೀತೆಯೂ ಆದರು. ಆಮೇಲೆ ಕ್ಯಾಮೆರಾ ಹಿಂದೆಯೂ ನಿಂತರು. ಒಲೆ ಮುಂದಿನಿಂದ ಅಲ್ಲಿಯವರೆಗೆ ಬಂದ ದಾರಿ ಸಣ್ಣದಾ? ಆ ಹಾಲಿನಲ್ಲಿ ಕೂತಿದ್ದವರಲ್ಲಿ ಅರ್ಧ ಜನರ ಮನೆಯ ಮೊದಲ ಸಂಬಳ ಹೋಟೆಲ್ ಗಲ್ಲಾದಿಂದ ಬಂದದ್ದು.

ತಕರಾರು ನನಗೂ ಇದೆ. ಲಂಡನ್ ದೃಶ್ಯ ಎಳೆದಾಡಿದರು, ಅಷ್ಟು ಇಂಗ್ಲಿಷ್ ಬೇಕಿರಲಿಲ್ಲ. ಹಿಂದಿನ ಪರದೆಯ ಮೇಲಿನ ಸ್ಲೈಡ್‌ಗಳೂ ಬೇಕಿರಲಿಲ್ಲ. ಆದರೆ ದೊಡ್ಡ ತಕರಾರು ಸರಸ್ವತಿಬಾಯಿ ಬಗ್ಗೆ. ಫಾಲ್ಕೆಯವರ ಹೆಂಡತಿ. ಅರವತ್ತು ಎಪ್ಪತ್ತು ಜನರಿಗೆ ದಿನಾ ಬೇಯಿಸಿ ಹಾಕುತ್ತಿದ್ದರು. ಬಿಸಿಲಲ್ಲಿ ಬಿಳಿ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ಬೀರುತ್ತಿದ್ದರು. ರಾತ್ರಿ ಕೂತು ಫಿಲಂ ಪಟ್ಟಿಗೆ ತೂತು ಹಾಕುತ್ತಿದ್ದರು, ಆಗ ಕಚ್ಚಾ ಫಿಲಂ ತೂತಿಲ್ಲದೇ ಬರುತ್ತಿತ್ತು. ತೊಳೆಯುವ ರಾಸಾಯನಿಕ ಬೆರೆಸುವುದೂ ಅವರೇ. ಅಂಥವರಿಗೆ ನಾಟಕದಲ್ಲಿ ಒಂದೇ ದೃಶ್ಯ!

ಆ ಒಂದು ದೃಶ್ಯ ಮಾತ್ರ ಮರೆಯೋಕೆ ಆಗಲ್ಲ. ಎಲ್ಲ ಲೈಟೂ ಆರಿಸಿ ಒಂದು ಸಣ್ಣ ಕೆಂಪು ದೀಪ ಬಿಟ್ಟರು. ಆಕೆ ನೆಲದ ಮೇಲೆ ಕೂತು ಪಟ್ಟಿಯನ್ನು ಎಳೆಯುತ್ತಾರೆ, ಒತ್ತುತ್ತಾರೆ, ಎಳೆಯುತ್ತಾರೆ, ಒತ್ತುತ್ತಾರೆ. ಟಕ್, ಟಕ್. ಒಳಗಿನಿಂದ ಮಗು ಅಳುವ ಸದ್ದು. ಎಡಗೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು ತೂಗುತ್ತಾ ಬಲಗೈಯಲ್ಲಿ ಮತ್ತೆ ಟಕ್. ಹಿಂದಿನ ಸಾಲೂ ಸುಮ್ಮನಾಯಿತು. ಉಪ್ಪು ಜಾಸ್ತಿ ಅಂದವರು ಕೆಮ್ಮಿದ್ದು ಕೂಡ ಕೇಳಿಸಿತು. ನಮ್ಮ ಜನಕ್ಕೆ ನೋಡೋಕೆ ಬರುತ್ತೆ ಅಂತ ನನಗೆ ಧೈರ್ಯ ಬಂದಿದ್ದು ಅಲ್ಲೇ.

ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋದೆ. ಸಾಳುಂಕೆ ಆಗಿದ್ದ ಹುಡುಗ ಕೊಬ್ಬರಿ ಎಣ್ಣೆ ಹಚ್ಚಿ ಕಾಡಿಗೆ ತೆಗೆಯುತ್ತಿದ್ದ. ಮೀಸೆ ನಿಜವಾಗಿಯೂ ಬೋಳಿಸಿದ್ದ. ಮನೆಯಲ್ಲಿ ಏನಂದರು ಅಂತ ಕೇಳಿದೆ. “ಅಪ್ಪ ನಿನ್ನೆಯಿಂದ ಮಾತಾಡ್ತಿಲ್ಲ ಅಂಕಲ್,” ಅಂದ. “ಇವತ್ತು ಬಂದಿದ್ರು. ಎಲ್ಲಿ ಕೂತಿದ್ರೋ ಗೊತ್ತಿಲ್ಲ.”

ಮುಂದಿನ ಪ್ರದರ್ಶನ ಡೊಂಬಿವಲಿಯಲ್ಲಂತೆ. ಊರಿಂದ ಅಮ್ಮ ಬರುತ್ತಿದ್ದಾರೆ, ಕರೆದುಕೊಂಡು ಹೋಗುತ್ತೇನೆ. ನೀವೂ ಬನ್ನಿ, ಮಕ್ಕಳನ್ನೂ ಕರೆತನ್ನಿ.