ತಾಗಿದ್ದಲ್ಲ, ತಲೆ ಕೊಟ್ಟದ್ದು

ಬೆಂಗಳೂರು ಎಫ್‌ಸಿಯ ಫುಟ್‌ಬಾಲ್ ಆಟಗಾರ ರಯಾನ್ ವಿಲಿಯಮ್ಸ್ 2025ರಲ್ಲಿ ಭಾರತಕ್ಕೆ ಆಡಲೆಂದು ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಬಿಟ್ಟುಕೊಟ್ಟು ಇಲ್ಲಿನ ಪೌರನಾದ ಸುದ್ದಿ ಬಂದಾಗ ನಮ್ಮ ಹೈಸ್ಕೂಲ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡ ಜಗಳ ಆಯಿತು. "ಬಾಡಿಗೆ ಕಾಲು ತಂದು ಗೋಲು ಹೊಡೆಸಿದರೆ ಅದು ನಮ್ಮ ಗೋಲಾ?" ಅಂತ ಒಬ್ಬ ಕೇಳಿದ. ಕೂಡಲೇ ಸಾಲಾಗಿ ಹೆಬ್ಬೆಟ್ಟುಗಳು ಬಿದ್ದವು. ಹೆಬ್ಬೆಟ್ಟು ಒತ್ತಿದವರಲ್ಲಿ ಅರ್ಧಕ್ಕರ್ಧ ಜನ ದುಬೈ, ದೋಹಾ, ಡಾಲಸ್‌ಗಳಲ್ಲಿ ಕೂತಿದ್ದಾರೆ, ಅದು ಬೇರೆ ಮಾತು.

ಅವತ್ತು ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಸ್ವಲ್ಪ ಉದ್ದ ಉಂಟು ಮಾರಾಯ್ರೆ, ಚಾ ಇಟ್ಟುಕೊಂಡೇ ಕೂತುಕೊಳ್ಳಿ.

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಕಪ್ಪುಬಿಳುಪು ಫೋಟೊ ಉಂಟು. ಒಬ್ಬ ಹುಡುಗನನ್ನು ಜನ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದಾರೆ. ಅವನ ಜರ್ಸಿಯ ಎದೆಗೆ ಜನಿವಾರದ ಹಾಗೆ ಓರೆಯಾಗಿ ಒಂದು ಪಟ್ಟಿ, ಮುಖದ ತುಂಬ ನಗು. ಹೊತ್ತವರು ಬ್ರೆಜಿಲಿನವರು, ಜರ್ಸಿ ಅಮೆರಿಕದ್ದು, ಹುಡುಗ ಹೈಟಿಯವನು. ಆ ಗಳಿಗೆಯಲ್ಲಿ ಅವನು ಯಾರವನು ಅಂತ ಯಾರೂ ಕೇಳುತ್ತಿಲ್ಲ.

ಅವನೇ ಜೋ ಗೇಟ್‌ಜೆನ್ಸ್. 1924ರ ಮಾರ್ಚ್ 19ರಂದು ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಲ್ಲಿ ಹುಟ್ಟಿದವನು. ಹೆಸರು ಜರ್ಮನ್ ಕೇಳಿಸಿದರೆ ಅದಕ್ಕೂ ಕಾರಣ ಉಂಟು, ಅವನ ಪೂರ್ವಿಕರೊಬ್ಬರು ಜರ್ಮನಿಯ ಬ್ರೆಮೆನ್ ಕಡೆಯಿಂದ ವ್ಯಾಪಾರಕ್ಕೆಂದು ಹೈಟಿಗೆ ಬಂದು ನೆಲೆ ನಿಂತವರು. ಅಂದರೆ ವಲಸೆ ಈ ಮನೆಗೆ ಹೊಸದಲ್ಲ. ಮೀಸೆ ಮೂಡುವ ವಯಸ್ಸಿಗೇ ಊರಿನ ಎತ್ವಾಲ್ ಹೈಸಿಯೆನ್ ಕ್ಲಬ್ಬಿಗೆ ಆಡತೊಡಗಿದ. ಆದರೆ ಚೆಂಡು ಹೊಟ್ಟೆ ತುಂಬಿಸುವ ಕಾಲ ಅದಲ್ಲ. 1947ರಲ್ಲಿ ಹೈಟಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಲೆಕ್ಕಪತ್ರ ಓದಲು ಹೋದ. ಕೈಖರ್ಚಿಗೆ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆದ.

ಇಲ್ಲಿ ನನಗೆ ನಮ್ಮ ಚಿಕ್ಕಪ್ಪ ನೆನಪಾಗುತ್ತಾರೆ. ಊರಿಂದ ಬೊಂಬಾಯಿಗೆ ಹೋಗಿ ಹಗಲೆಲ್ಲ ಮಾಟುಂಗದ ಒಂದು ಹೋಟೆಲಿನಲ್ಲಿ ತಟ್ಟೆ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದವರು. ರಜೆಗೆ ಬಂದಾಗ ನಮಗೆ ಲಿಮ್ಲೆಟ್ ಕೊಡುತ್ತಿದ್ದ ಆ ಕೈಯನ್ನು ನಾನು ಮರೆತಿಲ್ಲ. ಬೆರಳ ಸಂದಿಯ ಚರ್ಮ ಬೆಳ್ಳಗೆ ನೆನೆದು ಸುಲಿದಿರುತ್ತಿತ್ತು. "ಇದು ಸೋಡಾಪುಡಿಯ ಮದರಂಗಿ ಮಗಾ" ಅಂತ ನಗುತ್ತಿದ್ದರು. ಜೋನ ಕೈಯೂ ಹಾಗೇ ಇದ್ದಿರಬೇಕು.

ಅವನ ಪುಣ್ಯಕ್ಕೆ ಆ ಹೋಟೆಲಿನ ಯಜಮಾನ ಯೂಜಿನ್ ಡಿಯಾಸ್ ಬ್ರೂಕ್‌ಹಟನ್ ಅಂತ ಒಂದು ಫುಟ್‌ಬಾಲ್ ತಂಡದ ಮಾಲೀಕನೂ ಆಗಿದ್ದ. ಬ್ರೂಕ್ಲಿನ್‌ನ ತಲೆಗೆ ಮ್ಯಾನ್‌ಹಟನ್‌ನ ಬಾಲ ಸೇರಿಸಿ ಮಾಡಿದ ಹೆಸರು. ಅಮೆರಿಕನ್ ಸಾಕರ್ ಲೀಗ್ ಎಂದರೆ ಆಗ ಪೂರ್ತಿ ವಲಸಿಗರ ಪ್ರಪಂಚ. ಬಿಳಿ ಅಮೆರಿಕ ಬೇಸ್‌ಬಾಲ್ ನೋಡುತ್ತಿದ್ದಾಗ ಇಟಲಿ, ಪೋರ್ಚುಗಲ್, ಸ್ಕಾಟ್ಲೆಂಡ್‌ಗಳಿಂದ ಬಂದವರೂ ಅವರ ಮಕ್ಕಳೂ ಭಾನುವಾರಗಳಂದು ಚೆಂಡು ಒದೆಯುತ್ತಿದ್ದರು. 1949-50ರ ಋತುವಿನಲ್ಲಿ ಜೋ 15 ಪಂದ್ಯಗಳಲ್ಲಿ 18 ಗೋಲು ಹೊಡೆದು ಆ ಲೀಗಿನಲ್ಲೇ ಮೊದಲಿಗನಾದ. ಈ 18 ಎಂಬ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1950ರ ವಿಶ್ವಕಪ್ ನಡೆದದ್ದು ಬ್ರೆಜಿಲಿನಲ್ಲಿ. (ನಾವೂ ಅಲ್ಲಿ ಇರಬೇಕಿತ್ತು. ಇಟಲಿ, ಸ್ವೀಡನ್, ಪರಾಗ್ವೆ ಇದ್ದ ಗುಂಪಿನಲ್ಲಿ ಭಾರತದ ಹೆಸರೂ ಇತ್ತು. ಹೋಗಲಿಲ್ಲ. ಬೂಟು ಹಾಕದೆ ಆಡಲು ಬಿಡಲಿಲ್ಲ ಎಂಬ ಕಥೆಯನ್ನು ಇನ್ನಾದರೂ ನಿಲ್ಲಿಸೋಣ. ನಮ್ಮ ಫುಟ್‌ಬಾಲ್ ಸಂಘದವರಿಗೆ ಒಲಿಂಪಿಕ್ಸ್ ಎಂದರೆ ದೊಡ್ಡದು, ವಿಶ್ವಕಪ್ ಲೆಕ್ಕಕ್ಕೇ ಇರಲಿಲ್ಲ. ನಮ್ಮ ಬೆಂಗಳೂರಿನ ಅಹಮದ್ ಖಾನ್ ಕಲ್ಕತ್ತಾದ ಈಸ್ಟ್ ಬೆಂಗಾಲ್‌ನಲ್ಲಿ ಮೆರೆಯುತ್ತಿದ್ದ ಕಾಲ ಅದು. ನೆನೆಸಿದರೆ ಹೊಟ್ಟೆ ಉರಿಯುತ್ತದೆ.) ಅಮೆರಿಕಕ್ಕೆ ಒಂದು ತಂಡ ಬೇಕಿತ್ತು, ಸಿಕ್ಕವರನ್ನು ಸೇರಿಸಿ ಕಳಿಸಿದರು. ಗೋಲಿ, ಅಂದರೆ ಗೋಲು ಕಾಯುವ ಫ್ರಾಂಕ್ ಬೋರ್ಗಿ, ಹೆಣ ಸಾಗಿಸುವ ಗಾಡಿ ಓಡಿಸುವವನು. ವಾಲ್ಟರ್ ಬಾರ್ ಶಾಲೆ ಮೇಷ್ಟ್ರು. ಹ್ಯಾರಿ ಕಿಯೋ ಟಪಾಲಿನವನು. ಜೋ ಮಾಕಾ ಬೆಲ್ಜಿಯಂನವನು, ಎಡ್ ಮೆಕ್‌ಇಲ್ವೆನಿ ಸ್ಕಾಟ್ಲೆಂಡಿನವನು. ಮಾಕಾ, ಮೆಕ್‌ಇಲ್ವೆನಿ, ನಮ್ಮ ಜೋ, ಈ ಮೂವರೂ ಅಮೆರಿಕದ ಪೌರರಲ್ಲ. ಮುಂದೆ ಪೌರನಾಗುವ ಮನಸ್ಸಿದೆ ಎಂದು ಹೇಳಿದರೆ ಸಾಕಿತ್ತು.

ಎದುರಾಳಿ ಇಂಗ್ಲೆಂಡ್. ಟಾಮ್ ಫಿನ್ನಿ, ಬಿಲ್ಲಿ ರೈಟ್, ಮಾರ್ಟೆನ್ಸೆನ್, ಮುಂದೆ 1966ರಲ್ಲಿ ಕೋಚ್ ಆಗಿ ವಿಶ್ವಕಪ್ ಗೆಲ್ಲಿಸಿದ ಆಲ್ಫ್ ರಾಮ್ಸೆ, ಎಲ್ಲರೂ ಅಂಗಳದಲ್ಲಿ. ಈ ಪಂದ್ಯಕ್ಕೆ ಬೇಡ ಅಂತ ತಮ್ಮ ಹೆಸರಾಂತ ಆಟಗಾರ ಸ್ಟಾನ್ಲಿ ಮ್ಯಾಥ್ಯೂಸ್‌ನನ್ನು ಕೂರಿಸಿದ್ದರು. ಜೂನ್ 29, ಬ್ರೆಜಿಲಿನ ಬೆಲೊ ಹೊರಿಜಾಂಟೆ ನಗರ. ಮೊದಲ ಅರ್ಧ ಗಂಟೆ ಇಂಗ್ಲೆಂಡ್ ಒದ್ದದ್ದೇ ಒದ್ದದ್ದು. ಚೆಂಡು ಕಂಬಕ್ಕೆ ಬಡಿಯಿತು, ಬೋರ್ಗಿಯ ಕೈಗೆ ಬಡಿಯಿತು, ಮೇಲೆ ಹಾರಿತು, ಬಲೆಗೆ ಮಾತ್ರ ಬೀಳಲಿಲ್ಲ.

ಮೂವತ್ತೆಂಟನೆಯ ನಿಮಿಷದ ಹತ್ತಿರ ಬಾರ್ ಮೇಷ್ಟ್ರು ಸುಮಾರು 25 ಗಜದಿಂದ ಗೋಲಿನತ್ತ ಒದ್ದ. ಗೋಲಿ ಬರ್ಟ್ ವಿಲಿಯಮ್ಸ್ ಚೆಂಡು ಬರುವ ದಿಕ್ಕಿಗೆ ಸರಿದ, ಇನ್ನೇನು ಹಿಡಿಯುವವನು. ಅಷ್ಟರಲ್ಲಿ ಗುಂಪಿನ ನಡುವಿಂದ ಜೋ ಅಡ್ಡ ಹಾರಿದ. ಚೆಂಡು ಅವನ ತಲೆಗೆ ಸವರಿ ದಾರಿ ಬದಲಿಸಿತು. ಗೋಲಿ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಜೋ ನೆಲ ಕಚ್ಚಿದ್ದ, ಚೆಂಡು ಒಳಗೆ ಹೋದದ್ದನ್ನು ನೋಡಲು ಅವನ ಮುಖವೇ ಆ ಕಡೆ ಇದ್ದಿರಲಾರದು. 1-0. ಕೊನೆಯವರೆಗೂ ಅಷ್ಟೇ.

ಅವತ್ತಿನಿಂದ ಇವತ್ತಿನವರೆಗೆ ಒಂದು ಮಾತು ಓಡಾಡುತ್ತಲೇ ಉಂಟು: ಅವನು ಹೆಡ್ ಮಾಡಿದ್ದಲ್ಲ, ಚೆಂಡೇ ಬಂದು ತಾಗಿದ್ದು. ನನಗೆ ಮೈ ಉರಿಯುವುದು ಇಲ್ಲಿ. ಒಂದೇ ಋತುವಿನಲ್ಲಿ 18 ಸಲ ಬಲೆ ಕಂಡವನ ತಲೆಗೆ ಚೆಂಡು ಸುಮ್ಮನೆ ಬಂದು ತಾಗುವುದಿಲ್ಲ ಸ್ವಾಮಿ. ಗೋಲಿನ ಮುಂದಿನ ಪೆನಾಲ್ಟಿ ಪೆಟ್ಟಿಗೆಯೊಳಗೆ ಅಷ್ಟು ಜನ ಇಂಗ್ಲಿಷರು ನಿಂತಿದ್ದರಲ್ಲ, ಅವರಲ್ಲಿ ಯಾರ ತಲೆಗೂ ಯಾಕೆ ತಾಗಲಿಲ್ಲ? ಬೂಟುಗಳ ನಡುವೆ ಮುಖ ಮುಂದೆ ಮಾಡಿ ಹಾರುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಮಾತಿದೆ, ತಲೆ ಕೊಡುವುದು. ಇದೇ ಗೋಲನ್ನು ಫಿನ್ನಿ ಹೊಡೆದಿದ್ದರೆ ಪಾಠ ಮಾಡಿ ತೋರಿಸುತ್ತಿದ್ದರು. ತಟ್ಟೆ ತೊಳೆಯುವವನು ಹೊಡೆದದ್ದಕ್ಕೆ ಅದೃಷ್ಟವಾಯಿತು. ಇನ್ನೊಂದು ತಕರಾರೂ ಇತ್ತು, ಪೌರರಲ್ಲದವರನ್ನು ಆಡಿಸಿದರು ಅಂತ. ವಿಚಾರಣೆ ನಡೆದು ಆ ವರ್ಷದ ಡಿಸೆಂಬರಿನಲ್ಲಿ ಫಿಫಾ ತಪ್ಪಿಲ್ಲ ಎಂದಿತು. ಅಮೆರಿಕ ಅವತ್ತು ಸೋತಿದ್ದರೆ ಜೋನ ಕಾಗದಪತ್ರ ಯಾರಿಗೆ ಬೇಕಿತ್ತು?

ಹೊತ್ತು ಮೆರೆಸಿದ್ದು ಬ್ರೆಜಿಲಿನವರು ಅಂದೆನಲ್ಲ, ಅಮೆರಿಕಕ್ಕೆ ಗೊತ್ತೇ ಆಗಲಿಲ್ಲ. ಅಲ್ಲಿಂದ ಬಂದಿದ್ದ ಪತ್ರಕರ್ತ ಒಬ್ಬನೇ, ಸೇಂಟ್ ಲೂಯಿಯ ಡೆಂಟ್ ಮೆಕ್‌ಸ್ಕಿಮಿಂಗ್, ಅದೂ ರಜೆ ಹಾಕಿ ಕೈಯಿಂದ ದುಡ್ಡು ಕೊಟ್ಟು. ಮುಂದೆ ಚಿಲಿಯ ಕೈಲಿ 5-2 ಸೋತು ತಂಡ ಮನೆಗೆ ಹೋಯಿತು.

ಜೋ ಅಮೆರಿಕಕ್ಕೆ ಅಂಟಿಕೊಳ್ಳಲಿಲ್ಲ. ಫ್ರಾನ್ಸಿಗೆ ಹೋಗಿ ರೇಸಿಂಗ್ ಕ್ಲಬ್ ಪ್ಯಾರಿಸ್‌ಗೆ, ಆಮೇಲೆ ಅಲೆಸ್‌ಗೆ ಆಡಿದ. ಮತ್ತೆ ಹೈಟಿ. 1953ರ ಡಿಸೆಂಬರಿನಲ್ಲಿ ಮೆಕ್ಸಿಕೊ ಎದುರು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಈ ಸಲ ಹೈಟಿಯ ಜರ್ಸಿ ತೊಟ್ಟ. ಆಮೇಲೆ ಮದುವೆ, ಮೂರು ಮಕ್ಕಳು, ಡ್ರೈಕ್ಲೀನಿಂಗ್ ವ್ಯಾಪಾರ. ಪುನಃ ತೊಳೆಯುವ ಕೆಲಸವೇ, ಈಗ ಯಜಮಾನನಾಗಿ.

1957ರಲ್ಲಿ ಹೈಟಿಯ ಅಧ್ಯಕ್ಷ ಚುನಾವಣೆಯಲ್ಲಿ ಫ್ರಾನ್ಸ್ವಾ ಡುವಾಲಿಯೆ ಗೆದ್ದ. ಸೋತ ಲೂಯಿ ಡೆಜ್ವಾ ಗೇಟ್‌ಜೆನ್ಸ್ ಮನೆತನದ ನಂಟ. ಜೋನ ತಮ್ಮಂದಿರು ಗಡಿಯಾಚೆ ಡೊಮಿನಿಕನ್ ಗಣರಾಜ್ಯದಲ್ಲಿದ್ದುಕೊಂಡು ಡುವಾಲಿಯೆಯನ್ನು ಇಳಿಸಲು ಹೊರಟ ಗುಂಪಿನ ಜೊತೆ ಇದ್ದರು. 1964ರಲ್ಲಿ ಡುವಾಲಿಯೆ ತಾನೇ ಆಜೀವ ಅಧ್ಯಕ್ಷ ಅಂತ ಸಾರಿಕೊಂಡಾಗ ಮನೆಯವರು ಊರು ಬಿಟ್ಟರು. ಜೋ ಬಿಡಲಿಲ್ಲ. ನಾನು ಚೆಂಡಾಟದವನು, ರಾಜಕೀಯ ನನ್ನದಲ್ಲ, ನನ್ನನ್ನು ಏನು ಮಾಡಿಯಾರು ಎಂಬ ನಂಬಿಕೆ.

ಜುಲೈ 8ರ ಬೆಳಿಗ್ಗೆ ಟೊಂಟೊನ್ ಮಕೂಟ್‌ಗಳು ಬಂದರು, ಡುವಾಲಿಯೆಯ ಖಾಸಗಿ ಪಡೆಯವರು. ಹಿಡಿದುಕೊಂಡು ಹೋದದ್ದು ಫೋರ್ ದಿಮಾಂಶ್ ಎಂಬ ಜೈಲಿಗೆ. ಒಳಗೆ ಹೋದವರು ಹೊರಗೆ ಬರುವುದಿಲ್ಲ ಅಂತ ಊರಿಗೆಲ್ಲ ಗೊತ್ತಿದ್ದ ಜಾಗ. ಅವನೂ ಬರಲಿಲ್ಲ. ಆಗ ವಯಸ್ಸು 40. ಹೆಣವನ್ನೂ ಮನೆಯವರಿಗೆ ಕೊಡಲಿಲ್ಲ. ವರ್ಷಾಬ್ದಿಕ ಮಾಡಬೇಕೆಂದರೂ ಒಂದು ತಿಥಿ ಇಲ್ಲದ ಸಾವು.

ಅಮೆರಿಕ 1976ರಲ್ಲಿ ಅವನನ್ನು ತನ್ನ ಸಾಕರ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡಿತು. ಅವನು ಎಂದೂ ಅಮೆರಿಕದ ಪೌರನಾಗಿರಲೇ ಇಲ್ಲ. ಪೌರನಾಗಿದ್ದ ದೇಶ ಅವನನ್ನು ನುಂಗಿತ್ತು. ನಮ್ಮ ಗುಂಪಿನ ಗೆಳೆಯನ ಲೆಕ್ಕದ ಪ್ರಕಾರ ಆ ಗೋಲು ಯಾರದ್ದಾಯಿತು?

ಇನ್ನೊಂದು ಸುದ್ದಿ. 2025ರ ನವೆಂಬರ್ 18ರಂದು ನಿಕರಾಗುವಾವನ್ನು ಸೋಲಿಸಿ ಹೈಟಿ 2026ರ ವಿಶ್ವಕಪ್ಪಿಗೆ ಅರ್ಹತೆ ಪಡೆಯಿತು, 1974ರ ನಂತರ ಮೊದಲ ಸಲ. ಗಲಭೆಯಿಂದಾಗಿ ಸ್ವಂತ ಊರಲ್ಲಿ ಒಂದು ಪಂದ್ಯವನ್ನೂ ಆಡಲಾಗದೆ "ತವರಿನ" ಪಂದ್ಯಗಳನ್ನು ಕೊನೆಯ ಸುತ್ತಿನಲ್ಲಿ ಕುರಸಾವೊ ದ್ವೀಪದಲ್ಲಿ ಆಡಿ ಗೆದ್ದ ತಂಡ ಅದು. ವಿಶ್ವಕಪ್ಪಿನ ಬಹುಪಾಲು ಪಂದ್ಯಗಳು ನಡೆಯುವುದು ಅಮೆರಿಕದಲ್ಲಿ. ಅದೇ ಅಮೆರಿಕ 2025ರ ಜೂನ್‌ನಲ್ಲಿ ಹೈಟಿಯವರ ಪ್ರವೇಶಕ್ಕೆ ನಿಷೇಧ ಹಾಕಿತ್ತು. ವಿಶ್ವಕಪ್ ಆಡುವವರಿಗೆ, ತರಬೇತುದಾರರಿಗೆ ವಿನಾಯಿತಿ ಉಂಟು. ಗ್ಯಾಲರಿಯಲ್ಲಿ ಕೂತು ಚಪ್ಪಾಳೆ ತಟ್ಟಲು ಪೋರ್ಟ್-ಓ-ಪ್ರಿನ್ಸ್‌ನಿಂದ ಹೋಗಬೇಕೆನ್ನುವವರಿಗೆ ಇಲ್ಲ. ಕೊಲಂಬಿಯಾದಲ್ಲಿ ಲೆಕ್ಕಪತ್ರ ಓದಿ, ಸಂಜೆ ಎಲ್ಲೋ ತಟ್ಟೆ ತೊಳೆಯುತ್ತೇನೆ ಎನ್ನುವ ಹುಡುಗನಿಗೂ ಇಲ್ಲ.